ಚಿಯಾಂಗ್ ಮಾಯ್‌ನಲ್ಲಿ ಗೆಳೆಯರ ಜೊತೆ ಅಡುಗೆ ಕ್ಲಾಸ್: ಅರ್ಧ ದಿನ ಸಾಕಾ, ಇಡೀ ದಿನ ಬೇಕಾ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಕಾಲೇಜಿನಿಂದ ಜೊತೆಗಿರುವ ಆರು ಜನ ಥಾಯ್ಲೆಂಡಿಗೆ ಹೋಗೋಣ ಅಂತ ಕೂತಿದ್ದೇವೆ. ಮೊದಲು ಬ್ಯಾಂಕಾಕ್, ಆಮೇಲೆ ಚಿಯಾಂಗ್ ಮಾಯ್. ಮಾರ್ಚ್ ಕೊನೆಗೆ ಅಂತ ಮಾತಾಗಿದೆ, ಟಿಕೆಟ್ ಇನ್ನೂ ತೆಗೆದಿಲ್ಲ.

ಚಿಯಾಂಗ್ ಮಾಯ್‌ನಲ್ಲಿ ಎಲ್ಲರೂ ಸೇರಿ ಒಂದು ಅಡುಗೆ ಕ್ಲಾಸಿಗೆ ಹೋಗಬೇಕು ಅನ್ನೋದು ನನ್ನ ಆಸೆ. ಆನ್‌ಲೈನಿನಲ್ಲಿ ಹುಡುಕಿದರೆ ಬೀದಿಗೊಂದು ಶಾಲೆ ಸಿಗುತ್ತದೆ, ಎಲ್ಲವೂ ಒಂದೇ ಥರ ಕಾಣುತ್ತವೆ. ನಮ್ಮ ಗುಂಪಿನ ಕಥೆ ಹೀಗಿದೆ. ಇಬ್ಬರು ಸಸ್ಯಾಹಾರಿಗಳು, ಅದರಲ್ಲಿ ಒಬ್ಬಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಒಬ್ಬನಿಗೆ ಕಡಲೆಕಾಯಿ ಆಗಿ ಬರುವುದಿಲ್ಲ, ತಿಂದರೆ ಆಸ್ಪತ್ರೆಯೇ ಗತಿ. ಇನ್ನೊಬ್ಬನಿಗೆ ಗ್ಯಾಸ್ ಹಚ್ಚೋಕೂ ಬರಲ್ಲ. ಮತ್ತೊಬ್ಬಳು "ಮನೇಲಿ ದಿನಾ ಬೇಯಿಸೋದು ಸಾಲದಾ, ದುಡ್ಡು ಕೊಟ್ಟು ಅಲ್ಲೂ ಬೇಯಿಸಬೇಕಾ?" ಅಂತಾಳೆ. ಉಳಿದವನು ನಾನು.

ಅರ್ಧ ದಿನದ್ದು ತಗೊಳ್ಳೋದಾ, ಇಡೀ ದಿನದ್ದಾ? ಊರೊಳಗಿನದ್ದಾ, ಹೊರಗೆ ತೋಟದಲ್ಲಿ ಮಾಡಿಸ್ತಾರಲ್ಲ, ಅದಾ? ಹೋಗಿ ಬಂದವರು ಹೇಳಿ.

ಸೌಟಮ್ಮ

ಮೆನು ನೋಡಿ ಶಾಲೆ ಆರಿಸಬೇಡಿ. ಮೆನು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಪ್ಯಾಡ್ ಥಾಯ್ (ಹುರಿದ ಅಕ್ಕಿ ನೂಡಲ್ಸ್), ಟಾಮ್ ಯಮ್ (ಹುಳಿ ಖಾರದ ಸೂಪ್), ಗ್ರೀನ್ ಕರಿ, ಪರಂಗಿಕಾಯಿ ಸಲಾಡ್, ಕೊನೆಗೆ ಅಂಟಕ್ಕಿ ಜೊತೆ ಮಾವಿನಹಣ್ಣು. ಕೇಳಬೇಕಾದ ಪ್ರಶ್ನೆಗಳು ಬೇರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಒಲೆ, ಬಾಣಲೆ ಕೊಡ್ತಾರಾ? ಕರಿ ಪೇಸ್ಟನ್ನು ನಮ್ಮ ಕೈಯಲ್ಲೇ ಕುಟ್ಟಿಸ್ತಾರಾ, ಇಲ್ಲ ಡಬ್ಬದಿಂದ ಒಂದು ಚಮಚ ತೆಗೆದು ಹಾಕ್ತಾರಾ? ಒಂದು ಬ್ಯಾಚಿಗೆ ಎಷ್ಟು ಜನ? ಹತ್ತು ಜನ ದಾಟಿದರೆ ಹಿಂದೆ ನಿಂತವರಿಗೆ ಮೇಷ್ಟ್ರ ಬೆನ್ನು ಮಾತ್ರ ಕಾಣುತ್ತದೆ.

ಚಿಯಾಂಗ್ ಮಾಯ್‌ನ ಒಳ್ಳೆ ಅಂಶ ಅಂದ್ರೆ ಹೆಚ್ಚಿನ ಕಡೆ ಪ್ರತಿಯೊಬ್ಬರಿಗೂ ಅವರದೇ ಒಲೆ ಇರುತ್ತದೆ. ಜೊತೆಗೆ ಪ್ರತಿ ವಿಭಾಗದಲ್ಲಿ ಮೂರ್ನಾಲ್ಕು ಅಡುಗೆ ಇಟ್ಟು, ನಿಮಗೆ ಬೇಕಾದ ಒಂದನ್ನು ನೀವೇ ಆರಿಸಿಕೊಳ್ಳಿ ಅಂತಾರೆ. ಒಂದು ಹುರಿದದ್ದು, ಒಂದು ಸೂಪ್, ಒಂದು ಕರಿ, ಒಂದು ಸಿಹಿ, ಹೀಗೆ. ನಿಮ್ಮಂಥ ಗುಂಪಿಗೆ ಇದೇ ದೊಡ್ಡ ಅನುಕೂಲ. ಪ್ರವಾಸದಲ್ಲಿ ಗೆಳೆಯರು ಜಗಳ ಆಡೋದು ಎಲ್ಲರೂ ಒಂದೇ ನಿರ್ಧಾರಕ್ಕೆ ಬರಬೇಕಾದಾಗ. ಇಲ್ಲಿ ಆ ತಲೆನೋವೇ ಇಲ್ಲ. ಒಬ್ಬ ಟಾಮ್ ಯಮ್ ಮಾಡಲಿ, ಪಕ್ಕದವಳು ತೆಂಗಿನಹಾಲಿನ ಟಾಮ್ ಖಾ ಮಾಡಲಿ, ಆಮೇಲೆ ಬಟ್ಟಲು ಅದಲು ಬದಲು ಮಾಡಿಕೊಂಡು ತಿನ್ನಿ.

ಅರ್ಧ ದಿನಕ್ಕೆ ಸುಮಾರು 1000 ಬಾತ್ (ಥಾಯ್ ದುಡ್ಡು) ಆಸುಪಾಸು, ಇಡೀ ದಿನಕ್ಕೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಳೇ ಊರಿನೊಳಗೆ ಉಳಿದುಕೊಂಡರೆ ಹೋಟೆಲಿಂದಲೇ ಕರ್ಕೊಂಡು ಹೋಗಿ ವಾಪಸ್ ಬಿಡೋದು ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಹಳೇ ಊರು ಅಂದ್ರೆ ಸುತ್ತ ಕಂದಕ ಇರುವ ಚೌಕ.

ನನ್ನ ಓಟು ಅರ್ಧ ದಿನಕ್ಕೆ. ಕಾರಣ ಹೊಟ್ಟೆ. ಮಾಡಿದ್ದನ್ನೆಲ್ಲ ಕೂತು ತಿನ್ನಿಸ್ತಾರೆ. ನಾಲ್ಕನೇ ತಟ್ಟೆ ಬರೋ ಹೊತ್ತಿಗೆ ಯಾರಿಗೂ ಬೇಕಿರಲ್ಲ. ಬೆಳಗಿನ ತಿಂಡಿ ಬಿಟ್ಟು ಹೋಗಿ.

ಬೀದಿಬಾಯಿ

ನಾನೊಬ್ಬ ಅಪಸ್ವರ ಎತ್ತುತ್ತೇನೆ, ಬೇಜಾರು ಮಾಡ್ಕೋಬೇಡಿ.

ಈ ಕ್ಲಾಸುಗಳು ಟೂರಿಸ್ಟರಿಗೆ ಅಂತಲೇ ಕಟ್ಟಿದ ನಾಟಕ. ಎಲ್ಲ ಮೊದಲೇ ಹೆಚ್ಚಿ ಬಟ್ಟಲಿಗೆ ಹಾಕಿಟ್ಟಿರ್ತಾರೆ. ನೀವು ಎರಡು ನಿಮಿಷ ಕೈಯಾಡಿಸ್ತೀರಿ. ಮೇಷ್ಟ್ರು ನಿನ್ನೆಯ ಬ್ಯಾಚಿಗೆ ಹೇಳಿದ ಜೋಕನ್ನೇ ಇವತ್ತೂ ಹೇಳ್ತಾರೆ. ಬಾಣಲೆಯಲ್ಲಿ ಧಗ್ ಅಂತ ಬೆಂಕಿ ಎಬ್ಬಿಸ್ತಾರೆ, ಎಲ್ಲರೂ ಫೋಟೊ ತೆಗೀತಾರೆ. ಮುಗೀತು.

ಇನ್ನೊಂದು. ಚಿಯಾಂಗ್ ಮಾಯ್ ಉತ್ತರ ಥಾಯ್ಲೆಂಡಿನ ಊರು. ಅಲ್ಲಿನ ಊಟವೇ ಬೇರೆ. ದಿನನಿತ್ಯ ತಿನ್ನೋದು ಅಂಟಕ್ಕಿ, ತೆಂಗಿನಹಾಲಿನ ಬಳಕೆ ಕಡಿಮೆ. ಗೇಂಗ್ ಹಂಗ್ ಲೇ ಅಂತ ಬರ್ಮಾ ಕಡೆಯಿಂದ ಬಂದ ಹಂದಿಮಾಂಸದ ಕರಿ ಇದೆ, ಅದರಲ್ಲಿ ಶುಂಠಿ, ಹುಣಸೆಹುಳಿ ಇರುತ್ತೆ, ತೆಂಗಿನಹಾಲಿಲ್ಲ. ಸಾಯ್ ಉವಾ ಅಂತ ಸಾಸೇಜ್ ಇದೆ. ಕ್ಲಾಸುಗಳಲ್ಲಿ ಇವೆಲ್ಲ ಎಲ್ಲಿ ಹೇಳಿಕೊಡ್ತಾರೆ? ಪ್ಯಾಡ್ ಥಾಯ್ ಅನ್ನೋದು 1940ರ ಆಸುಪಾಸಿನಲ್ಲಿ ಆಗಿನ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಸರ್ಕಾರ ದೇಶಕ್ಕೆಲ್ಲ ಒಂದೇ ಗುರುತು ಇರಲಿ ಅಂತ ಎತ್ತಿ ಹಿಡಿದ ತಿಂಡಿ. ಅದನ್ನು ಕಲಿಯೋಕೆ ಬೆಟ್ಟದ ಊರಿಗೆ ಯಾಕೆ ಹೋಗಬೇಕು? ಬ್ಯಾಂಕಾಕಿನಲ್ಲೇ ಕಲೀಬಹುದು. ಅದೇ ದುಡ್ಡಲ್ಲಿ ಆರು ಜನ ಹಾದಿಬೀದಿಯಲ್ಲಿ ಹೊಟ್ಟೆ ತುಂಬ ತಿಂದು ಬನ್ನಿ.

ಹಸಿರು ತಟ್ಟೆ

ಹಾದಿಬೀದಿಯಲ್ಲಿ ಹೊಟ್ಟೆ ತುಂಬ ತಿನ್ನಿ ಅನ್ನೋದು ಮಾಂಸ ತಿನ್ನುವವರಿಗೆ ಸುಲಭದ ಮಾತು ಸರ್. ನಮ್ಮಂಥವರಿಗೆ ಕ್ಲಾಸೇ ಹೆಚ್ಚು ಸುರಕ್ಷಿತ, ಯಾಕಂದ್ರೆ ಬಾಣಲೆಗೆ ಏನು ಬೀಳುತ್ತೆ ಅಂತ ಕಣ್ಣಾರೆ ನೋಡ್ತೀವಿ.

ದಾರಿಹೋಕ ಅವರೇ, ಸಸ್ಯಾಹಾರಿ ಗೆಳತಿಯರ ವಿಷಯದಲ್ಲಿ "ವೆಜ್ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಕೋಳಿ ಬದಲು ತೋಫು ಹಾಕಿದರೆ ಅವರ ಲೆಕ್ಕದಲ್ಲಿ ವೆಜ್ ಆಯ್ತು. ಒಳಗೆ ಅಡಗಿರೋದು ಬೇರೆ:

ನಾಮ್ ಪ್ಲಾ, ಅಂದ್ರೆ ಮೀನಿನ ಸಾಸ್. ಉಪ್ಪಿನ ಬದಲು ಹೆಚ್ಚುಕಮ್ಮಿ ಎಲ್ಲದಕ್ಕೂ ಇದನ್ನೇ ಹಾಕ್ತಾರೆ. ಕಪಿ, ಅಂದ್ರೆ ಸೀಗಡಿ ಪೇಸ್ಟ್. ಕರಿ ಪೇಸ್ಟ್ ಕುಟ್ಟುವಾಗ ಕೊನೆಗೆ ಇದು ಸೇರುತ್ತೆ, ಹಾಗಾಗಿ ರೆಡಿ ಪೇಸ್ಟ್ ಬಳಸೋ ಕಡೆ ತೋಫು ಹಾಕಿದರೂ ಪ್ರಯೋಜನ ಇಲ್ಲ. ಹುರಿದ ತರಕಾರಿಗೆ ಆಯ್ಸ್ಟರ್ ಸಾಸ್, ಅಂದ್ರೆ ಸಿಂಪಿಯ ಸಾಸ್. ಪರಂಗಿಕಾಯಿ ಸಲಾಡಿಗೂ ಪ್ಯಾಡ್ ಥಾಯ್‌ಗೂ ಒಣ ಸೀಗಡಿ. ಟಾಮ್ ಯಮ್‌ಗೆ ಹಾಕೋ ಹುರಿದ ಮೆಣಸಿನ ಪೇಸ್ಟಿನಲ್ಲೂ ಸೀಗಡಿ ಇರುತ್ತೆ.

ಎಲ್ಲದಕ್ಕೂ ಬದಲಿ ಇದೆ. ಮೀನಿನ ಸಾಸ್ ಬದಲು ಸೋಯಾ ಸಾಸ್ ಮತ್ತು ಉಪ್ಪು, ಆಯ್ಸ್ಟರ್ ಬದಲು ಅಣಬೆ ಸಾಸ್. ಸೀಗಡಿ ಪೇಸ್ಟನ್ನು ಬಿಟ್ಟೇ ಕುಟ್ಟಬಹುದು. ಬುಕ್ ಮಾಡುವ ಮೊದಲು ಒಂದೇ ಮೆಸೇಜ್ ಕಳಿಸಿ: "ಮೀನಿನ ಸಾಸ್, ಆಯ್ಸ್ಟರ್ ಸಾಸ್, ಸೀಗಡಿ ಪೇಸ್ಟ್ ಇಲ್ಲದೆ ಮಾಡಿಸ್ತೀರಾ, ಪೇಸ್ಟನ್ನು ನಾವೇ ಕುಟ್ಟಬಹುದಾ?" ಉತ್ತರ ಹೇಗೆ ಬರುತ್ತೆ ಅನ್ನೋದರಲ್ಲೇ ಆ ಶಾಲೆ ಎಂಥದ್ದು ಅಂತ ಗೊತ್ತಾಗುತ್ತೆ. ವಿವರವಾಗಿ ಉತ್ತರ ಕೊಟ್ಟವರನ್ನು ಹಿಡಿಯಿರಿ. ಸುಮ್ನೆ "ಯೆಸ್ ಯೆಸ್ ವೆಜ್ ಓಕೆ" ಅಂದವರನ್ನು ಬಿಡಿ.

ಮೊಟ್ಟೆ ಬೇಡದವರಿಗೆ ಇನ್ನೊಂದು ಎಚ್ಚರ. ಖಾವ್ ಸೋಯ್ ಅಲ್ಲಿನ ಹೆಸರುವಾಸಿ ನೂಡಲ್ಸ್, ಆದರೆ ಆ ಹಳದಿ ನೂಡಲ್ಸ್ ಮೊಟ್ಟೆ ಹಾಕಿ ಮಾಡಿದ್ದು. ಅಕ್ಕಿ ನೂಡಲ್ಸ್ ಕೊಡಿ ಅಂತ ಮೊದಲೇ ಹೇಳಿ.

ಹೊರಗೆ ತಿನ್ನುವಾಗ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಅದು "ಜೇ" ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ನಮ್ಮ ಅತ್ತೆಗೆ ಇಡೀ ಪ್ರವಾಸದಲ್ಲಿ ನೆಮ್ಮದಿ ಕೊಟ್ಟದ್ದು ಆ ಬಾವುಟವೇ.

ಮಂಜು ಮುಸುಕು

ಯಾರೂ ತಿಂಗಳ ಬಗ್ಗೆ ಮಾತಾಡಲಿಲ್ಲವಲ್ಲ. ಮಾರ್ಚ್ ಕೊನೆಗೆ ಚಿಯಾಂಗ್ ಮಾಯ್‌ಗೆ ಹೋಗಬೇಡಿ ಮಾರಾಯ್ರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಕಡೆ ಹೊಲ, ಕಾಡಿಗೆ ಬೆಂಕಿ ಬೀಳುವ ಕಾಲ. ಊರು ಬೆಟ್ಟಗಳ ನಡುವಿನ ಬಟ್ಟಲಲ್ಲಿದೆ, ಹೊಗೆ ಹೊರಗೆ ಹೋಗೋದೇ ಇಲ್ಲ. ಕೆಲವು ದಿನ ಗಾಳಿ ಕೆಟ್ಟಿರುವ ಪಟ್ಟಿಯಲ್ಲಿ ಜಗತ್ತಿಗೇ ಮೊದಲ ಸ್ಥಾನಕ್ಕೆ ಹೋಗಿಬಿಡುತ್ತದೆ. ಎದುರಿಗಿರೋ ದೊಯಿ ಸುತೆಪ್ ಬೆಟ್ಟವೇ ಕಾಣಲ್ಲ. ಅಡುಗೆ ಕ್ಲಾಸುಗಳು ಹೆಚ್ಚಿನವು ಗೋಡೆ ಇಲ್ಲದ ಚಪ್ಪರದ ಕೆಳಗೆ ನಡೆಯೋದು. ತೋಟದ್ದಂತೂ ಕೇಳಲೇಬೇಡಿ.

ನವೆಂಬರಿಂದ ಜನವರಿ ಒಳ್ಳೆಯದು. ನವೆಂಬರಿನಲ್ಲಿ ಯಿ ಪೆಂಗ್ ದೀಪದ ಹಬ್ಬ ಬಂದರೆ ಮಾತ್ರ ರೂಮು, ಕ್ಲಾಸು ಎರಡೂ ಬೇಗ ತುಂಬುತ್ತವೆ, ಮೊದಲೇ ಕಾದಿರಿಸಿ.

ದಾರಿಹೋಕ

ಅಯ್ಯೋ, ಹೊಗೆ ವಿಷಯ ಯಾರೂ ಹೇಳಿರಲಿಲ್ಲ. ಗುಂಪಿಗೆ ಈಗಷ್ಟೇ ಹಾಕಿದೆ. ಡಿಸೆಂಬರ್ ಮೊದಲ ವಾರಕ್ಕೆ ಹೋಗೋಣ ಅಂತ ಎಲ್ಲರೂ ಒಪ್ಪಿದರು. ಅದೂ ಹತ್ತೇ ನಿಮಿಷದಲ್ಲಿ! ನಮ್ಮ ಗುಂಪಿನ ಇತಿಹಾಸದಲ್ಲಿ ಹಿಂಗಾಗಿದ್ದಿಲ್ಲ.

ಬೀದಿಬಾಯಿ ಸರ್, ನಿಮ್ಮ ಮಾತು ತಲೆಯಲ್ಲಿ ಕೂತಿದೆ. ಎಲ್ಲ ಹೆಚ್ಚಿಟ್ಟಿದ್ರೆ ಕಲಿಯೋದಾದರೂ ಏನು?

ಕುಟ್ಟಾಣಿ

ಇದಕ್ಕೆ ನಾನು ಉತ್ತರ ಕೊಡ್ತೀನಿ. ಕಲಿಯೋದು ಎರಡೇ. ಪೇಸ್ಟ್ ಕುಟ್ಟೋದು, ತೆಂಗಿನಹಾಲು ಒಡೆಯೋದು. ಉಳಿದದ್ದೆಲ್ಲ ಮನೆಯಲ್ಲಿ ವಿಡಿಯೊ ನೋಡಿಯೂ ಬರುತ್ತೆ.

ಗ್ರೀನ್ ಕರಿಯ ಹಸಿರು ಪೇಸ್ಟ್ ತಗೊಳ್ಳಿ. ಗ್ರಾನೈಟಿನ ಒರಳು, ಗ್ರಾನೈಟಿನದೇ ಕುಟ್ಟಾಣಿ. ಮೊದಲು ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಬಿಳಿ ಮೆಣಸು ಪುಡಿಯಾಗಬೇಕು. ಅದನ್ನು ತೆಗೆದಿಟ್ಟು ಹಸಿಮೆಣಸಿಗೆ ಕಲ್ಲುಪ್ಪು ಹಾಕಿ ಕುಟ್ಟಬೇಕು, ಉಪ್ಪಿನ ಹರಳು ಸಿಪ್ಪೆ ಸವೆಸುತ್ತೆ. ಆಮೇಲೆ ನಾರಿರೋವು: ಮಜ್ಜಿಗೆಹುಲ್ಲು, ಗಲಂಗಲ್, ಮಕ್ರೂಟ್ ನಿಂಬೆಯ ಸಿಪ್ಪೆ, ಕೊತ್ತಂಬರಿ ಬೇರು. ಗಲಂಗಲ್ ಶುಂಠಿಯ ನೆಂಟ, ಆದರೆ ಗಟ್ಟಿ. ಬೇರು ಅಂದೆ ಗಮನಿಸಿ, ನಾವು ಕತ್ತರಿಸಿ ಬಿಸಾಡೋ ಭಾಗ. ಅವರಿಗೆ ಅದೇ ಮುಖ್ಯ. ನೀರಿರುವ ಬೆಳ್ಳುಳ್ಳಿ, ಸಣ್ಣೀರುಳ್ಳಿ ಕೊನೆಗೆ. ಮೊದಲೇ ಹಾಕಿದರೆ ಜಾರಿಬಿಡುತ್ತೆ, ನಾರು ಅರೆಯಲ್ಲ. ಒಂದು ಕೈ ಒರಳಿನ ಬಾಯಿಗೆ ಅಡ್ಡ ಇಟ್ಟುಕೊಂಡೇ ಕುಟ್ಟಬೇಕು, ಇಲ್ಲಾಂದ್ರೆ ಮೆಣಸಿನಕಾಯಿ ನೀರು ಸೀದಾ ಕಣ್ಣಿಗೆ. ಕಾಲು ಗಂಟೆ ಕುಟ್ಟಿದರೆ ತೋಳು ಬಿದ್ದುಹೋಗುತ್ತೆ. ಆರು ಜನ ಇದ್ದೀರಿ, ಸರದಿ ಮೇಲೆ ಕುಟ್ಟಿ. ಗ್ಯಾಸ್ ಹಚ್ಚೋಕೆ ಬರದ ಗೆಳೆಯನಿಗೆ ಹೇಳಿ ಮಾಡಿಸಿದ ಕೆಲಸ.

ಮಿಕ್ಸಿಯಲ್ಲಿ ಹಾಕಬಾರದಾ ಅಂತೀರಿ. ಹಾಕಬಹುದು. ಆದರೆ ಮಿಕ್ಸಿ ಕೊಚ್ಚುತ್ತೆ, ಒರಳು ಜಜ್ಜುತ್ತೆ. ಜಜ್ಜಿದಾಗ ಎಣ್ಣೆ ಬಿಡೋ ರೀತಿ ಬೇರೆ. ಮೂಸಿ ನೋಡಿದರೆ ತಿಳಿಯುತ್ತೆ.

ಇನ್ನು ತೆಂಗಿನಹಾಲು. ಗಟ್ಟಿ ಹಾಲನ್ನು ಮೊದಲು ಬಾಣಲೆಗೆ ಸುರಿದು, ಅದು ಒಡೆದು ಮೇಲೆ ಎಣ್ಣೆ ಮಿನುಗೋ ತನಕ ಕಾಯಬೇಕು. ಆ ಎಣ್ಣೆಯಲ್ಲಿ ಪೇಸ್ಟ್ ಹುರಿಯಬೇಕು. ಆಮೇಲೆ ತೆಳು ಹಾಲು, ತರಕಾರಿ. ನಾವು ತೆಂಗಿನಹಾಲು ಒಡೆಯಬಾರದು ಅಂತ ಕೊನೆಗೆ ಹಾಕಿ ಉರಿ ಸಣ್ಣ ಮಾಡ್ತೀವಿ, ಅವರು ಬೇಕಂತಲೇ ಒಡೀತಾರೆ. ಮೇಷ್ಟ್ರು ಪಕ್ಕದಲ್ಲಿ ನಿಂತು "ಈಗ ಹಾಕು" ಅಂತ ಹೇಳೋ ಆ ಕ್ಷಣ ವಿಡಿಯೊದಲ್ಲಿ ಸಿಗಲ್ಲ.

ಅದಕ್ಕೇ ಇಡೀ ದಿನದ್ದು ಅಂತ ನನ್ನ ಓಟು. ಅರ್ಧ ದಿನದಲ್ಲಿ ಹಲವು ಕಡೆ ಪೇಸ್ಟಿಗೆ ಐದು ನಿಮಿಷ ಕುಟ್ಟಿಸಿ, ಉಳಿದದ್ದು ರೆಡಿ ಇಟ್ಟಿದ್ದನ್ನೇ ಹಾಕ್ತಾರೆ.

ಸೌಟಮ್ಮ

ಕುಟ್ಟಾಣಿಯವರೇ, ಆ ವಿಷಯಕ್ಕೆ ಒಪ್ಪಿದೆ. ಆದರೆ ಇಡೀ ದಿನ ಅಂದ್ರೆ ಬೆಳಿಗ್ಗೆ 9ಕ್ಕೆ ಹೊರಟರೆ ಮಧ್ಯಾಹ್ನ 3 ದಾಟುತ್ತೆ. ಅಡುಗೆ ಮೇಲೆ ಪ್ರೀತಿ ಇಲ್ಲದವರನ್ನು ಅಷ್ಟು ಹೊತ್ತು ಕೂರಿಸೋದು ಕಷ್ಟ. ಆರರಲ್ಲಿ ಇಬ್ಬರಾದರೂ ಎರಡನೇ ಅಡುಗೆಗೆ ಫೋನ್ ತೆಗೀತಾರೆ.

ಬೀದಿಬಾಯಿ

ಕೊತ್ತಂಬರಿ ಬೇರಿನ ಮಾತಿಗೆ ನಾನು ಸೋತೆ. ಆದರೆ ಉತ್ತರದ ಊಟ ಹೇಳಿಕೊಡಲ್ಲ ಅನ್ನೋ ತಕರಾರು ಹಾಗೇ ಇದೆ.

ಕುಟ್ಟಾಣಿ

ಅದು ನಿಜ. ಖಾವ್ ಸೋಯ್ ಹೆಚ್ಚಿನ ಕಡೆ ಮೆನುವಿನಲ್ಲಿರುತ್ತೆ, ಅದಕ್ಕಿಂತ ಮುಂದೆ ಹೋಗೋರು ಕಡಿಮೆ. ಬರೀ ನಿಮ್ಮ ಗುಂಪಿಗೆ ಅಂತ ಕ್ಲಾಸ್ ಮಾತಾಡಿಕೊಂಡರೆ ನಾಮ್ ಪ್ರಿಕ್ ನೂಮ್ ಕೇಳಿ ನೋಡಿ. ಹಸಿಮೆಣಸು, ಬೆಳ್ಳುಳ್ಳಿ, ಸಣ್ಣೀರುಳ್ಳಿ ಕೆಂಡದ ಮೇಲೆ ಸುಟ್ಟು, ಕಪ್ಪಾದ ಸಿಪ್ಪೆ ತೆಗೆದು ಜಜ್ಜೋದು. ಅಂಟಕ್ಕಿಯನ್ನು ಕೈಯಲ್ಲಿ ಉಂಡೆ ಮಾಡಿ ಅದರಲ್ಲಿ ಅದ್ದಿ ತಿಂತಾರೆ. ಮೀನಿನ ಸಾಸ್ ಬದಲು ಉಪ್ಪು ಹಾಕಿದರೆ ಸಸ್ಯಾಹಾರಿಗಳಿಗೂ ಆಗುತ್ತೆ. ಚಟ್ನಿ ತಿಂದು ಬೆಳೆದವರಿಗೆ ಇದು ಖಂಡಿತ ಇಷ್ಟ ಆಗುತ್ತೆ.

ಗಡಿಬಿಡಿ ಗುಂಡಿ

ಬೇಯಿಸೋಕೆ ಇಷ್ಟ ಇಲ್ಲದ ಆ ಗೆಳತಿಯ ಪರವಾಗಿ ನಾನು ಮಾತಾಡ್ತೀನಿ. ಅವಳನ್ನು ಬಿಟ್ಟುಬಿಡಿ! ದಿನಾ ಮೂರು ಹೊತ್ತು ಬೇಯಿಸುವವಳಿಗೆ ರಜೆ ಅಂದ್ರೆ ಒಲೆಯಿಂದ ರಜೆ. "ಎಲ್ಲರೂ ಬಂದ್ರೇನೆ ಮಜಾ" ಅಂತ ಎಳ್ಕೊಂಡು ಹೋಗಿ, ಅವಳು ಅಲ್ಲಿ ಗೆಳೆಯನ ಬಾಣಲೆಯನ್ನೂ ನೋಡ್ಕೊಂಡು, ಅವನ ಈರುಳ್ಳಿಯನ್ನೂ ಹೆಚ್ಚಿಕೊಟ್ಟು ಬರೋದು ನಾನು ಕಂಡಿದ್ದೇನೆ. ಗುಂಪಿನಲ್ಲಿ ಅಡುಗೆ ಬರುವವಳು ಒಬ್ಬಳಿದ್ದರೆ ಎಲ್ಲರ ಕೆಲಸವೂ ಅವಳ ಕಡೆಗೇ ಜಾರುತ್ತೆ.

ಅವಳಿಗೆ ಎರಡು ದಾರಿ ಇದೆ. ಹಲವು ಶಾಲೆಗಳು ಅಡುಗೆ ಮಾಡದೆ ಸುಮ್ನೆ ಜೊತೆಗೆ ಬಂದು ತಿನ್ನುವವರಿಗೆ ಕಡಿಮೆ ದುಡ್ಡು ತಗೊಳ್ತವೆ. ಮಾರ್ಕೆಟ್ ಸುತ್ತಲಿ, ಶಂಖಪುಷ್ಪದ ನೀಲಿ ಶರಬತ್ತು ಕುಡಿಯಲಿ, ನಿಂಬೆ ಹಿಂಡಿದರೆ ಅದು ನೇರಳೆ ಆಗೋದು ನೋಡಲಿ, ನೀವು ಮಾಡಿದ್ದಕ್ಕೆ ಮಾರ್ಕ್ಸ್ ಕೊಡಲಿ. ಇಲ್ಲಾಂದ್ರೆ ಆ ಹೊತ್ತಿಗೆ ಮಸಾಜಿಗೆ ಹೋಗಲಿ, ರಾತ್ರಿ ಸಿಗಲಿ. ಪ್ರವಾಸದಲ್ಲಿ ಆರು ಜನ ಅರ್ಧ ದಿನ ಬೇರೆ ಬೇರೆ ಇದ್ದರೆ ಸ್ನೇಹಕ್ಕೇನೂ ಆಗಲ್ಲ. ಸಂಜೆಗೆ ಮಾತಾಡೋಕೆ ಏನಾದರೂ ಇರುತ್ತೆ.

ದಾರಿಹೋಕ

ಮೇಡಂ, ಇದನ್ನು ಅವಳಿಗೆ ಓದಿ ಹೇಳಿದೆ. "ಈ ಅಕ್ಕನ ನಂಬರ್ ಕೊಡು" ಅಂದಳು. ತಿನ್ನೋಕೆ ಮಾತ್ರ ಬರ್ತಾಳಂತೆ.

ಕಡಲೆಕಾಯಿ ವಿಷಯ ಯಾರಾದರೂ ಹೇಳ್ತೀರಾ? ಅದೇ ನನಗೆ ಜಾಸ್ತಿ ಭಯ.

ಸಿರಿಂಜು

ನಾನು ನರ್ಸ್. ಭಯ ಸರಿಯಾಗಿಯೇ ಇದೆ.

ಪ್ಯಾಡ್ ಥಾಯ್, ಪರಂಗಿಕಾಯಿ ಸಲಾಡ್, ಸಾಟೇ ಸಾಸ್, ಮಸ್ಸಮನ್ ಕರಿ, ಇವೆಲ್ಲದರಲ್ಲೂ ಕಡಲೆಕಾಯಿ ಇರುತ್ತೆ. ಅವನ ತಟ್ಟೆಗೆ ಹಾಕದಿದ್ದರೆ ಸಾಕು ಅಂದುಕೊಳ್ಳಬೇಡಿ. ಒಂದೇ ಒರಳಿನಲ್ಲಿ ಹಿಂದಿನ ಬ್ಯಾಚಿನವರು ಕಡಲೆಕಾಯಿ ಜಜ್ಜಿರ್ತಾರೆ, ಪಕ್ಕದ ಬಾಣಲೆಯ ಸೌಟು ಇವನ ಬಾಣಲೆಗೆ ಬರುತ್ತೆ. ಬೇರೆಯವರ ಜೊತೆ ಸೇರಿ ಮಾಡುವ ಕ್ಲಾಸ್ ನಿಮಗೆ ಬೇಡವೇ ಬೇಡ. ನಿಮ್ಮ ಗುಂಪಿಗಷ್ಟೇ ಕ್ಲಾಸ್ ಮಾತಾಡಿ. ಆ ದಿನ ಅಡುಗೆಮನೆಗೆ ಕಡಲೆಕಾಯಿ ತರಲೇಬೇಡಿ, ಒರಳು ಬಾಣಲೆ ಚೆನ್ನಾಗಿ ತೊಳೆದಿಡಿ ಅಂತ ಬರವಣಿಗೆಯಲ್ಲಿ ಹೇಳಿ. ಒಪ್ಪದಿದ್ದರೆ ಬೇರೆ ಕಡೆ ನೋಡಿ. ಗುಂಪಿನ ಉಳಿದವರೂ ಅವತ್ತು ಪ್ಯಾಡ್ ಥಾಯ್ ಮೇಲೆ ಕಡಲೆಕಾಯಿ ಉದುರಿಸಿಕೊಳ್ಳೋದು ಬಿಡಬೇಕು, ಅಷ್ಟೂ ಮಾಡದಿದ್ದರೆ ಎಂಥ ಗೆಳೆಯರು?

ಡಾಕ್ಟರು ಅವನಿಗೆ ಬರೆದುಕೊಟ್ಟ ಔಷಧಿ, ಅಡ್ರಿನಲಿನ್ ಇಂಜೆಕ್ಷನ್ ಇದ್ದರೆ ಅದೂ, ಅವನ ಜೇಬಿನಲ್ಲಿರಲಿ. ಹೋಟೆಲ್ ರೂಮಿನ ಬ್ಯಾಗಿನಲ್ಲಿದ್ದರೆ ಇಲ್ಲದ ಹಾಗೇ. ಅದನ್ನು ಹಾಕೋದು ಹೇಗೆ ಅಂತ ಇನ್ನಿಬ್ಬರಿಗಾದರೂ ಗೊತ್ತಿರಲಿ. "ಪೇ ಥುವಾ ಲಿಸೊಂಗ್" ಅಂದ್ರೆ ಕಡಲೆಕಾಯಿ ಅಲರ್ಜಿ. ಬಾಯಲ್ಲಿ ಹೇಳೋದಕ್ಕಿಂತ ಥಾಯ್ ಲಿಪಿಯಲ್ಲಿ ಬರೆದ ಚೀಟಿ ತೋರಿಸೋದು ಒಳ್ಳೆಯದು, ನಮ್ಮ ಉಚ್ಚಾರ ಅವರಿಗೆ ತಿಳಿಯಲ್ಲ. ಥಾಯ್ಲೆಂಡಿನಲ್ಲಿ ಆಂಬುಲೆನ್ಸ್ ನಂಬರ್ 1669.

ಹಸಿರು ತಟ್ಟೆ

ಗುಂಪಿಗಷ್ಟೇ ಕ್ಲಾಸ್ ಅಂದ್ರೆ ಸಸ್ಯಾಹಾರಿಗಳಿಗೂ ಅನುಕೂಲ. ಆರು ಜನಕ್ಕೆ ತೀರಾ ದುಬಾರಿ ಆಗಲ್ಲ, ಚೌಕಾಸಿ ಮಾಡಿ. ಮಾರ್ಕೆಟ್ ಸುತ್ತೋದು ಬೇಕಿದ್ದರೆ ಬೆಳಗಿನ ಕ್ಲಾಸೇ ತಗೊಳ್ಳಿ. ಹಳೇ ಊರಿನ ಸೊಂಪೆಟ್ ಮಾರ್ಕೆಟ್‌ಗೆ ತುಂಬ ಶಾಲೆಯವರು ಕರ್ಕೊಂಡು ಹೋಗ್ತಾರೆ. ಅಲ್ಲಿ ಸುಂಡೆಕಾಯಿ ಗೊಂಚಲು ನೋಡಿ ನಮ್ಮ ಅತ್ತೆ "ಇದು ನಮ್ಮ ಬೇಲೀಲಿ ಬೆಳೆಯೋದಲ್ವಾ!" ಅಂದರು. ಗ್ರೀನ್ ಕರಿಗೆ ಅದನ್ನು ಇಡಿಯಾಗೇ ಹಾಕ್ತಾರೆ. ತುಳಸಿಯದಂತೂ ಇನ್ನೊಂದು ಕಥೆ. ಪ್ಯಾಡ್ ಕ್ರಪಾವ್‌ಗೆ ಹಾಕೋ ಎಲೆ ನಮ್ಮ ತುಳಸಿ ಜಾತಿಯದೇ. ಮೇಷ್ಟ್ರು ಅದನ್ನು ಕಾದ ಎಣ್ಣೆಗೆ ಹಿಡಿ ಹಿಡಿಯಾಗಿ ಹಾಕಿದಾಗ ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು.

ಮಂಜು ಮುಸುಕು

ತೋಟದ ಕ್ಲಾಸ್ ಬಗ್ಗೆ ಯಾರೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಚೆನ್ನಾಗಿರುತ್ತೆ. ಎಲೆ, ಮೆಣಸಿನಕಾಯಿ ನೀವೇ ಕಿತ್ತು ತರಬಹುದು. ಊರಿಂದ ಹೊರಗೆ, ಹೋಗಿಬರೋಕೇ ಒಂದು ಗಂಟೆ ಹೋಗುತ್ತೆ. ಅಡುಗೆ ಮಾಡದೆ ಜೊತೆಗೆ ಬರುವವರಿಗೆ ಊರೊಳಗಿನ ಶೆಡ್ಡಿಗಿಂತ ತೋಟವೇ ವಾಸಿ, ಓಡಾಡೋಕೆ ಜಾಗ ಇರುತ್ತೆ.

ದಾರಿಹೋಕ

ಸರಿ, ಇಲ್ಲಿಗೆ ಬಂದಿದ್ದೇವೆ. ಡಿಸೆಂಬರ್. ನಮ್ಮ ಗುಂಪಿಗಷ್ಟೇ, ತೋಟದಲ್ಲಿ, ಇಡೀ ದಿನ. ಐದು ಜನ ಬೇಯಿಸೋದು, ಒಬ್ಬಳು ತಿನ್ನೋದು. ಹಸಿರು ತಟ್ಟೆಯವರು ಹೇಳಿದ ಪ್ರಶ್ನೆಯನ್ನು ಮೂರು ಕಡೆ ಕಳಿಸಿದೆ. ಇಬ್ಬರು "ವೆಜ್ ನೋ ಪ್ರಾಬ್ಲಂ" ಅಂದರು. ಒಬ್ಬರು ಮಾತ್ರ ಯಾವ ಸಾಸ್ ಬದಲು ಯಾವುದು ಅಂತ ಪಟ್ಟಿ ಮಾಡಿ ಕಳಿಸಿದ್ದಾರೆ, ಕಡಲೆಕಾಯಿ ಅವತ್ತು ತರಲ್ಲ ಅಂತಲೂ ಬರೆದಿದ್ದಾರೆ. ಅಲ್ಲೇ ಬುಕ್ ಮಾಡ್ತಾ ಇದ್ದೇವೆ. ನಾಮ್ ಪ್ರಿಕ್ ನೂಮ್ ಕೇಳಿದ್ದಕ್ಕೆ ಖುಷಿಪಟ್ಟರು, ಯಾರೂ ಕೇಳಲ್ವಂತೆ.

ಕೊನೇ ಪ್ರಶ್ನೆ, ಕುಟ್ಟಾಣಿಯವರಿಗೆ. ಆ ಕಲ್ಲಿನ ಒರಳು ಅಲ್ಲಿಂದ ತರಬಹುದಾ?

ಕುಟ್ಟಾಣಿ

ತರಬಹುದು, ಆದರೆ ಮೊದಲು ಎತ್ತಿ ನೋಡಿ. ಮನೆ ಬಳಕೆಯ ಸೈಜೇ ಐದಾರು ಕಿಲೊ ತೂಗುತ್ತೆ. ವಾರೋರೊಟ್ ಮಾರ್ಕೆಟ್ ಸುತ್ತಮುತ್ತ ಸಿಗುತ್ತೆ. ಚೆಕ್-ಇನ್ ಬ್ಯಾಗಿಗೇ ಹಾಕಿ, ಕುಟ್ಟಾಣಿ ಹಿಡ್ಕೊಂಡು ವಿಮಾನ ಹತ್ತೋಕೆ ಬಿಡಲ್ಲ. ಪೇಸ್ಟ್ ತಂದರೂ ಅಷ್ಟೇ, 100 ಮಿಲೀಗಿಂತ ದೊಡ್ಡ ಡಬ್ಬ ಕೈಬ್ಯಾಗಿನಲ್ಲಿದ್ದರೆ ತೆಗೆದು ಬಿಸಾಕ್ತಾರೆ.

ಬೀದಿಬಾಯಿ

ಮಣ್ಣಿನ ಒರಳು, ಮರದ ಕುಟ್ಟಾಣಿ ಹಗುರ ಇರುತ್ತೆ, ಅದನ್ನು ತನ್ನಿ.

ಕುಟ್ಟಾಣಿ

ಅದು ಪರಂಗಿಕಾಯಿ ಸಲಾಡಿಗೆ ಸರ್. ಅದರಲ್ಲಿ ಪೇಸ್ಟ್ ಕುಟ್ಟಿದರೆ ಒರಳೇ ಪೇಸ್ಟ್ ಆಗುತ್ತೆ.